ನಾಗಪುರದ ನೆನಪು ಮತ್ತು ಆಯ್ಕೆಯ ಪಠ್ಯಕ್ರಮ: ಒಂದು ಟಿಪ್ಪಣಿ

ರಾಷ್ಟ್ರಕೂಟ ಮೂರನೆಯ ಕೃಷ್ಣನ ಕ್ರಿ.ಶ. 940ರ ದೇವಳಿ ತಾಮ್ರಶಾಸನವು ‘ನಾಗಪುರ-ನಂದಿವರ್ಧನ’ ವಿಷಯದ ಗ್ರಾಮವೊಂದರ ದಾನವನ್ನು ದಾಖಲಿಸುತ್ತದೆ. ಮಾನ್ಯಖೇಟಕ್ಕೂ ವಿದರ್ಭಕ್ಕೂ ಇದ್ದ ಈ ನಂಟು ಸಂಶೋಧಕರಿಗೆ ಪರಿಚಿತವೇ. ಸಾವಿರ ವರ್ಷಗಳ ತರುವಾಯ ಅದೇ ಸೀಮೆಯಲ್ಲಿ ನಡೆದ ಇನ್ನೊಂದು ಕಾರ್ಯವು, ನಮ್ಮ ವಿಭಾಗಗಳು ವಿದ್ಯಾರ್ಥಿಯ ಆಯ್ಕೆಗೆ ಎಷ್ಟು ಎಡೆಗೊಡಬಲ್ಲವೆಂಬ ಪ್ರಶ್ನೆಯ ವಿವೇಚನೆಗೆ ಒದಗಿಬರುತ್ತದೆ.

ನಾಗಪುರ ವಿಶ್ವವಿದ್ಯಾಲಯ (2005ರಿಂದ ರಾಷ್ಟ್ರಸಂತ ತುಕಡೋಜಿ ಮಹಾರಾಜರ ಹೆಸರಿನದು) ಸ್ಥಾಪನೆಯಾದದ್ದು 1923ರಲ್ಲಿ. ಅದರ ವ್ಯಾಪ್ತಿಯಲ್ಲಿದ್ದ ಅಮರಾವತಿಯ ಕಿಂಗ್ ಎಡ್ವರ್ಡ್ ಕಾಲೇಜಿನ ಸಂಸ್ಕೃತ ಅಧ್ಯಾಪಕ ಹೀರಾಲಾಲ್ ಜೈನ್ ಅವರು 1939ರಿಂದ ಷಟ್ಖಂಡಾಗಮವನ್ನು ವೀರಸೇನನ ಧವಲಾ ಟೀಕೆಯೊಡನೆ ಪ್ರಕಟಿಸತೊಡಗಿದರು. ಮೂಲದ ಭಾಷೆ ಪ್ರಾಕೃತ. ಟೀಕೆಯಲ್ಲಿ ಸಂಸ್ಕೃತವೂ ಬೆರೆತಿದೆ. ಮೂಡುಬಿದಿರೆಯ ಓಲೆಗರಿಗಳ ಲಿಪಿಯೋ ಹಳಗನ್ನಡ. ಮೊದಮೊದಲು ಪ್ರತಿಗಳ ಪ್ರತಿಗಳನ್ನೇ ನೆಚ್ಚಬೇಕಾಯಿತು. ಮೂಲದೊಡನೆ ತಾಳೆನೋಡುವ ಅವಕಾಶ ಅನಂತರ ದೊರೆಯಿತು. ಸದಲಗಾದಲ್ಲಿ ಹುಟ್ಟಿ ಕೊಲ್ಹಾಪುರದಲ್ಲಿ ಅಧ್ಯಾಪಕರಾಗಿದ್ದ ಆ. ನೇ. ಉಪಾಧ್ಯೆಯವರು ಈ ಕಾರ್ಯಕ್ಕೆ ಹೆಗಲುಕೊಟ್ಟರು. ಬೇಕಾಗಿದ್ದ ವಿದ್ಯೆ ಯಾವ ಒಂದು ವಿಭಾಗದ ಸ್ವತ್ತೂ ಆಗಿರಲಿಲ್ಲ. ಪಂಡಿತರ ಸ್ನೇಹದಿಂದ ಅದು ಕೂಡಿಬಂದಿತು, ಪಠ್ಯಕ್ರಮದಿಂದಲ್ಲ.

ಇಂತಹ ಕೂಡಿಕೆಯನ್ನು ವಿದ್ಯಾರ್ಥಿಯೇ ಮಾಡಿಕೊಳ್ಳಲೆಂಬುದು 2015ರ ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಯ ಆಶಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಮತ್ತಷ್ಟು ಹಿಗ್ಗಿಸಿತು. ಆಶಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಧ್ಯಾಪಕನ ಕಾರ್ಯಭಾರವನ್ನು ಎಣಿಸುವುದು ವಿಭಾಗವಾರು. ವಿದ್ಯಾರ್ಥಿ ಪಕ್ಕದ ವಿಭಾಗಕ್ಕೆ ನಡೆದರೆ ಇಲ್ಲಿಯ ಗಂಟೆಗಳು ಕುಗ್ಗುತ್ತವೆ. ಗಂಟೆಗಳು ಕುಗ್ಗಿದರೆ ಹುದ್ದೆಗೇ ಕುತ್ತು. ಆದ್ದರಿಂದ ಆಯ್ಕೆಯ ಪಟ್ಟಿಯನ್ನು ಸಿದ್ಧಪಡಿಸುವಾಗ ವಿದ್ಯಾರ್ಥಿಯ ಕುತೂಹಲಕ್ಕಿಂತ ವೇಳಾಪಟ್ಟಿಯೇ ಮೇಲುಗೈ ಪಡೆಯುತ್ತದೆ. (ಅಧ್ಯಯನ ಮಂಡಳಿಗಳಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ.)

ಕರ್ನಾಟಕದ ಅನುಭವ ಇನ್ನೊಂದು ಬಗೆಯದು. 2021-22ರಲ್ಲಿ ಈ ನೀತಿಯನ್ನು ಎಲ್ಲರಿಗಿಂತ ಮೊದಲು ಕೈಗೆತ್ತಿಕೊಂಡ ರಾಜ್ಯವದು. ವಿದರ್ಭದವರೇ ಆದ ಸುಖದೇವ ಥೋರಾಟರ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿಯ ಮೇರೆಗೆ 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ನಡುವಣ ತಂಡಗಳು ಹಳೆಯ ಚೌಕಟ್ಟಿನಲ್ಲೇ ಮುಂದುವರಿದುದರಿಂದ ಒಂದೇ ವಿಭಾಗ ಎರಡು ಪಠ್ಯಕ್ರಮಗಳನ್ನು ಏಕಕಾಲಕ್ಕೆ ಬೋಧಿಸಬೇಕಾಯಿತು. ಆಯ್ಕೆ ಬೇರೂರಲು ಬೇಕಾದ ಕಾಲವೇ ಅದಕ್ಕೆ ದಕ್ಕಲಿಲ್ಲ.

ಧವಲಾ ಓದಬಯಸುವ ವಿದ್ಯಾರ್ಥಿಗೆ ಇಂದು ಪ್ರಾಕೃತ ಒಂದು ವಿಭಾಗದಲ್ಲಿ, ಹಳಗನ್ನಡ ಲಿಪಿ ಇನ್ನೊಂದರಲ್ಲಿ ಸಿಗಬೇಕು. ಎರಡು ತರಗತಿಗಳೂ ಒಂದೇ ಗಂಟೆಗೆ ಬೀಳದಿರಬೇಕು, ಒಬ್ಬನಿಗಾಗಿಯೂ ಪ್ರಶ್ನೆಪತ್ರಿಕೆ ಸಿದ್ಧವಾಗಬೇಕು.