ಶಾರ್ಕ್ ಟ್ಯಾಂಕ್ ಇಂಡಿಯಾ: ಮೊದಲ ಸೀಸನ್

ಉದ್ಯಮಿಗಳು ಕಂಪನಿಯ ಪಾಲು ಬಿಟ್ಟುಕೊಟ್ಟು ಬಂಡವಾಳ ಕೇಳುವ ರಿಯಾಲಿಟಿ ಶೋ ಶಾರ್ಕ್ ಟ್ಯಾಂಕ್ ಇಂಡಿಯಾ. ಇದರ ಮೊದಲ ಸೀಸನ್ ಸೋನಿ ವಾಹಿನಿಯಲ್ಲಿ 2021ರ ಡಿಸೆಂಬರ್ 20ರಿಂದ 2022ರ ಫೆಬ್ರವರಿ 4ರವರೆಗೆ ಪ್ರಸಾರವಾಯಿತು. ಇದು ಅಮೆರಿಕದ 'ಶಾರ್ಕ್ ಟ್ಯಾಂಕ್' ಶೋನ ಭಾರತೀಯ ಆವೃತ್ತಿ.

ಪುಣೆ ಮೂಲದ ಎಂಕ್ಯೂರ್ ಫಾರ್ಮಾಸ್ಯುಟಿಕಲ್ಸ್‌ನ ನಮಿತಾ ಥಾಪರ್, ಬೋಟ್‌ನ ಅಮನ್ ಗುಪ್ತಾ, ಲೆನ್ಸ್‌ಕಾರ್ಟ್‌ನ ಪಿಯೂಷ್ ಬನ್ಸಲ್, ಭಾರತ್‌ಪೇಯ ಅಶ್ನೀರ್ ಗ್ರೋವರ್ ಸೇರಿ ಏಳು ಮಂದಿ ಹೂಡಿಕೆದಾರರಿದ್ದರು. ಅವರನ್ನೇ 'ಶಾರ್ಕ್' ಎನ್ನುತ್ತಾರೆ.

ಕೇರಳದ ಬಾಳೆಕಾಯಿ ಚಿಪ್ಸ್ ಬ್ರ್ಯಾಂಡ್ ಬಿಯಾಂಡ್ ಸ್ನ್ಯಾಕ್‌ಗೆ ಶೇ 2.5ರಷ್ಟು ಪಾಲಿಗೆ 50 ಲಕ್ಷ ರೂಪಾಯಿಯ ಒಪ್ಪಂದ ಸಿಕ್ಕಿತು. ಅಂದರೆ ಕಂಪನಿಯ ಮೌಲ್ಯ 20 ಕೋಟಿ ರೂಪಾಯಿ.

ಆದರೆ ವೇದಿಕೆಯಲ್ಲಿ ಕೈ ಕುಲುಕಿದ ಮಾತ್ರಕ್ಕೆ ಹಣ ಕೈಸೇರುವುದಿಲ್ಲ. ಚಿತ್ರೀಕರಣದ ನಂತರ ಲೆಕ್ಕಪತ್ರ, ದಾಖಲೆಗಳ ಪರಿಶೀಲನೆ ನಡೆಯುತ್ತದೆ. ಆ ಹಂತದಲ್ಲಿ ಷರತ್ತು ಬದಲಾಗಬಹುದು, ಒಪ್ಪಂದವೇ ಮುರಿದುಬೀಳಲೂಬಹುದು.