ನಾಯಿಗೆ ಆರು ತಿಂಗಳ ಸೆರೆವಾಸ

ಹೊರದೇಶದಿಂದ ಬ್ರಿಟನ್ನಿಗೆ ಬಂದ ನಾಯಿಯನ್ನು ಸುಮಾರು ನೂರು ವರ್ಷಗಳ ಕಾಲ ಆರು ತಿಂಗಳು ಕೂಡಿಹಾಕುವ ಪದ್ಧತಿ ಇತ್ತು. ಒಡೆಯ ಸಿಪಾಯಿಯೋ ರಾಯಭಾರಿಯೋ ಎಂಬುದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಬೆಕ್ಕುಗಳಿಗೂ ಮುಂದೆ ಇದೇ ನಿಯಮ ಅನ್ವಯವಾಯಿತು. ಆ ಪ್ರಾಣಿಗಳಲ್ಲಿ ರೋಗದ ಲಕ್ಷಣವೇನೂ ಇರುತ್ತಿರಲಿಲ್ಲ. ಆದರೂ ಈ ಸೆರೆವಾಸವೇಕೆ? ಇದಕ್ಕೆ ಉತ್ತರ ರೇಬೀಸ್ ರೋಗದ ಸ್ವಭಾವದಲ್ಲಿಯೇ ಅಡಗಿದೆ.

ಹುಚ್ಚುನಾಯಿ ಕಚ್ಚಿದ ಗಾಯದ ಮೂಲಕ ದೇಹವನ್ನು ಸೇರುವ ರೇಬೀಸ್ ವೈರಸ್ಸು ನರಗಳ ಗುಂಟ ನಿಧಾನವಾಗಿ ಮೆದುಳಿನ ಕಡೆಗೆ ಸಾಗುತ್ತದೆ. ಈ ಪಯಣಕ್ಕೆ ಕೆಲವು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಪ್ರಾಣಿ ಆರೋಗ್ಯವಾಗಿಯೇ ಕಾಣುತ್ತದೆ. ಲಕ್ಷಣಗಳು ತೋರಿದ ಮೇಲೆ ಸಾವು ಬಹುತೇಕ ಖಚಿತ. 1885ರಲ್ಲಿ ಲೂಯಿ ಪಾಶ್ಚರ್ ನಾಯಿ ಕಚ್ಚಿಸಿಕೊಂಡವರಿಗೆ ಲಸಿಕೆ ಕೊಟ್ಟು ಬದುಕಿಸುವ ದಾರಿಯನ್ನು ತೋರಿಸಿದ್ದೇನೋ ನಿಜ. ಆದರೆ ಎದುರಿಗೆ ಬಾಲ ಆಡಿಸುತ್ತ ನಿಂತ ನಾಯಿಯ ಒಳಗೆ ವೈರಸ್ಸು ಇದೆಯೇ ಇಲ್ಲವೇ ಎಂದು ಹೇಳುವ ಉಪಾಯ ಯಾರ ಬಳಿಯೂ ಇರಲಿಲ್ಲ. ಕಾದು ನೋಡುವುದೊಂದೇ ಪರೀಕ್ಷೆಯಾಗಿತ್ತು.

ಸುತ್ತ ಸಮುದ್ರವಿದ್ದ ಬ್ರಿಟನ್ನಿಗೆ ಈ ಪರೀಕ್ಷೆ ಸುಲಭವಾಯಿತು. 1897ರಲ್ಲಿ ಕೃಷಿ ಮಂಡಳಿಯ ಮುಖ್ಯಸ್ಥನಾಗಿದ್ದ ವಾಲ್ಟರ್ ಲಾಂಗ್, ರೋಗವಿದ್ದ ಪ್ರದೇಶಗಳಲ್ಲಿ ನಾಯಿಗಳಿಗೆ ಬಾಯಿಕುಕ್ಕೆ ಕಡ್ಡಾಯ ಮಾಡಿದ. ಹೊರಗಿನಿಂದ ನಾಯಿ ತರಲು ಪರವಾನಗಿ ಬೇಕೆಂಬ ಆದೇಶವೂ ಅದೇ ವರ್ಷ ಬಂದಿತು. ಶ್ವಾನಪ್ರಿಯರು ಕೆರಳಿದರು, ಮನವಿಗಳ ಮಳೆಯೇ ಸುರಿಯಿತು. ಲಾಂಗ್ ಮಣಿಯಲಿಲ್ಲ. ಮುಂದೆ ಆರು ತಿಂಗಳ ದಿಗ್ಬಂಧನ ಜಾರಿಗೆ ಬಂದಿತು. 1902ರ ವೇಳೆಗೆ ದೇಶದಿಂದ ರೇಬೀಸ್ ಕಾಲ್ತೆಗೆಯಿತು.

ಆದರೆ ಗೋಡೆ ಎಷ್ಟೇ ಎತ್ತರವಾಗಿದ್ದರೂ ಕಳ್ಳದಾರಿ ಇದ್ದೇ ಇರುತ್ತದೆ. ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲಿ, ರೋಗ ಮರಳಿ ಬಂದಿತು. ಯುದ್ಧಭೂಮಿಯಲ್ಲಿ ಸಾಕಿದ ನಾಯಿಗಳನ್ನು ಸೈನಿಕರು ಗುಟ್ಟಾಗಿ ಊರಿಗೆ ತಂದದ್ದೇ ಕಾರಣವೆಂದು ನಂಬಲಾಗಿದೆ. ಮುನ್ನೂರಕ್ಕೂ ಹೆಚ್ಚು ಪ್ರಾಣಿಗಳು ರೋಗಕ್ಕೆ ತುತ್ತಾದವು. ಅದನ್ನು ಮತ್ತೆ ಹೊರದೂಡಲು 1922ರವರೆಗೆ ಕಾಯಬೇಕಾಯಿತು.

ಇನ್ನೊಂದು ಪೆಟ್ಟು ಬಿದ್ದದ್ದು 1969ರಲ್ಲಿ. ಜರ್ಮನಿಯಿಂದ ಬಂದ ಫ್ರಿಟ್ಜ್ ಎಂಬ ನಾಯಿ ಆರು ತಿಂಗಳ ದಿಗ್ಬಂಧನವನ್ನು ಕ್ರಮಬದ್ಧವಾಗಿ ಮುಗಿಸಿ ಕ್ಯಾಂಬರ್ಲಿ ಪಟ್ಟಣದ ಮನೆ ಸೇರಿತ್ತು. ಕೆಲವೇ ದಿನಗಳಲ್ಲಿ ಅದಕ್ಕೆ ರೇಬೀಸ್ ಕಾಣಿಸಿಕೊಂಡಿತು. ಸುತ್ತಲಿನ ಕಾಡಿನ ನರಿಗಳನ್ನು ಗುಂಡಿಟ್ಟು ಕೊಲ್ಲಲಾಯಿತು. ಮರುವರ್ಷ ನ್ಯೂಮಾರ್ಕೆಟ್‌ನಲ್ಲಿ, ಪಾಕಿಸ್ತಾನದಿಂದ ಬಂದ ನಾಯಿಯೊಂದರ ವಿಷಯದಲ್ಲಿಯೂ ಹೀಗೆಯೇ ಆಯಿತು. ಕೇವಲ ದಿನ ಎಣಿಸಿದರೆ ಸಾಲದು ಎಂಬುದು ಆಗ ಸ್ಪಷ್ಟವಾಯಿತು. ದಿಗ್ಬಂಧನದಲ್ಲಿರುವ ನಾಯಿಗೆ ಲಸಿಕೆ ಹಾಕುವುದು ಕಡ್ಡಾಯವಾಯಿತು.

ಕಾಲಕ್ರಮೇಣ ಉತ್ತಮ ಲಸಿಕೆಗಳು ಬಂದವು. ಲಸಿಕೆ ಫಲ ನೀಡಿದೆಯೇ ಎಂದು ರಕ್ತದಲ್ಲಿನ ಪ್ರತಿಕಾಯಗಳನ್ನು ಅಳೆದು ಹೇಳುವುದು ಸಾಧ್ಯವಾಯಿತು. ಪರೀಕ್ಷೆ ಮಾಡಿದ ನಾಯಿ ಇದೇ ಎಂದು ಖಚಿತಪಡಿಸಲು ಚರ್ಮದಡಿ ಸೇರಿಸುವ ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್ ಬಂದಿತು. ಸ್ವೀಡನ್ ಮತ್ತು ನಾರ್ವೆ 1994ರಲ್ಲಿಯೇ ಲಸಿಕೆ ಮತ್ತು ರಕ್ತಪರೀಕ್ಷೆಗಳ ದಾರಿಯನ್ನು ಹಿಡಿದವು. ಬ್ರಿಟನ್ನಿನಲ್ಲಿಯೂ ಬದಲಾವಣೆಗಾಗಿ ಚಳವಳಿ ನಡೆಯಿತು. ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದ ಸರ್ ಜಾನ್ ಫ್ರೆಟ್ವೆಲ್ ಅವರ ಪತ್ನಿ ಮೇರಿ ಫ್ರೆಟ್ವೆಲ್ ಅದರ ಮುಂಚೂಣಿಯಲ್ಲಿದ್ದರು. ಕೊನೆಗೆ 2000ದ ಫೆಬ್ರುವರಿ 28ರಂದು ಆಯ್ದ ದೇಶಗಳ ಪ್ರಾಣಿಗಳಿಗೆ ಬಾಗಿಲು ತೆರೆಯಿತು.

ಇಲ್ಲೊಂದು ಸ್ವಾರಸ್ಯವಿದೆ. ಹೊಸ ನಿಯಮದಲ್ಲಿಯೂ ರಕ್ತ ತೆಗೆದ ದಿನದಿಂದ ಆರು ತಿಂಗಳು ಕಳೆಯದೆ ಬ್ರಿಟನ್ನಿಗೆ ಪ್ರವೇಶವಿರಲಿಲ್ಲ. ಅಂದರೆ ಆರು ತಿಂಗಳ ಕಾಯುವಿಕೆ ತಪ್ಪಲಿಲ್ಲ, ಅದರ ಜಾಗ ಮಾತ್ರ ಬದಲಾಯಿತು. ಅಪರಿಚಿತ ಗೂಡಿನಲ್ಲಿ ಕಳೆಯಬೇಕಾಗಿದ್ದ ಕಾಲವನ್ನು ನಾಯಿ ತನ್ನ ಮನೆಯ ಜಗಲಿಯ ಮೇಲೆಯೇ ಕಳೆಯುವಂತಾಯಿತು. 2012ರಿಂದ ನಿಯಮ ಮತ್ತಷ್ಟು ಸಡಿಲವಾಯಿತು. ಮಾನ್ಯತೆ ಪಡೆದ ದೇಶಗಳ ನಾಯಿಗೆ ಲಸಿಕೆಯ ನಂತರ 21 ದಿನ ಕಾದರೆ ಸಾಕು.

ಭಾರತ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಬೆಂಗಳೂರಿನಿಂದ ಲಂಡನ್ನಿಗೆ ಹೊರಟವರು ನಾಯಿಯ ಸಿದ್ಧತೆಯನ್ನು ವೀಸಾಕ್ಕಿಂತ ಮೊದಲೇ ಆರಂಭಿಸುವುದು ಲೇಸು. ಮೊದಲು ಮೈಕ್ರೋಚಿಪ್, ಆಮೇಲೆ ಲಸಿಕೆ. ಕನಿಷ್ಠ 30 ದಿನಗಳ ಬಳಿಕ ಮಾನ್ಯ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ. ಪ್ರತಿಕಾಯದ ಪ್ರಮಾಣ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ಟಿಗೆ ಕಡಿಮೆಯಿರಬಾರದು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಬ್ರಿಟನ್ ತಲುಪುವ ಒಂದರಿಂದ ಐದು ದಿನಗಳ ಮೊದಲು ನಾಯಿಗೆ ಲಾಡಿಹುಳುವಿನ ಔಷಧಿಯನ್ನೂ ಕೊಡಿಸಬೇಕು. ಎಲ್ಲಕ್ಕೂ ಅಧಿಕೃತ ಪ್ರಮಾಣಪತ್ರ ಬೇಕು. ಅನುಕ್ರಮ ತಪ್ಪಬಾರದು. ಚಿಪ್ಪಿಗೆ ಮೊದಲು ಹಾಕಿದ ಲಸಿಕೆ ಲೆಕ್ಕಕ್ಕಿಲ್ಲ. ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ತಪ್ಪಿ ಹೊರಟರೆ ಹಳೆಯ ಸೆರೆಮನೆ ಈಗಲೂ ಇದೆ, ಅದರ ಖರ್ಚು ಒಡೆಯನದೇ.

ಇದನ್ನು ಬಿಳಿಯರ ಅತಿರೇಕವೆಂದು ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಭಾರತದಲ್ಲಿಯೇ ಸಂಭವಿಸುತ್ತವೆ. ಸತ್ತವರಲ್ಲಿ ಮಕ್ಕಳೇ ಬಹಳ. ಕರ್ನಾಟಕ ಸರ್ಕಾರ 2022ರಲ್ಲಿ ಮಾನವ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ನಾಯಿಗಳಿಂದ ಹರಡುವ ರೇಬೀಸನ್ನು 2030ರೊಳಗೆ ತೊಲಗಿಸುವ ರಾಷ್ಟ್ರೀಯ ಯೋಜನೆಯೂ 2021ರಲ್ಲಿ ರೂಪುಗೊಂಡಿದೆ. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ ಎನ್ನುತ್ತಾರೆ ತಜ್ಞರು. ವಿದೇಶಕ್ಕೆ ಹೊರಟ ಮನೆಯ ನಾಯಿಗೆ ಇಂದು ಬಂದಿರುವ ತೊಡಕು ಅದರದಲ್ಲ, ಲಸಿಕೆ ಕಾಣದ ಬೀದಿನಾಯಿಯದು. ಬೀದಿಯ ನಾಯಿಗೆ ಲಸಿಕೆ ತಲುಪಿದ ದಿನ ಮನೆಯ ನಾಯಿಯ ಕಾಯುವಿಕೆಯೂ ಮೊಟಕಾದೀತು. ಅದಕ್ಕಿಂತ ಮಿಗಿಲಾಗಿ, ಅದೇ ಬೀದಿಯಲ್ಲಿ ಆಡುವ ಮಕ್ಕಳ ಜೀವ ಉಳಿದೀತು.