ಕ್ಯೂ ನೋಟ್

ವಾದ್ಯವೃಂದದಲ್ಲಿ ಬಹಳ ಹೊತ್ತು ಸುಮ್ಮನಿದ್ದ ವಾದಕರಿಗೆ ಮತ್ತೆ ತೊಡಗುವ ಜಾಗ ತೋರಿಸಲು, ಅವರ ಹಾಳೆಯಲ್ಲಿ ಸಣ್ಣ ಗಾತ್ರದಲ್ಲಿ ಅಚ್ಚುಮಾಡುವ ಬೇರೊಂದು ವಾದ್ಯದ ಸ್ವರಗಳೇ ಕ್ಯೂ ನೋಟ್. ನಾಟಕದಲ್ಲಿ ಪರದೆಯ ಮರೆಯಲ್ಲಿ ನಿಂತ ನಟ ಎದುರು ಪಾತ್ರಧಾರಿಯ ಕಡೆಯ ಮಾತಿಗೆ ಕಾಯುವಂತೆ, ವಾದಕರು ಈ ಸ್ವರಗಳಿಗೆ ಕಿವಿಗೊಟ್ಟಿರುತ್ತಾರೆ.

ಕರ್ನಾಟಕ ಸಂಗೀತ ಕಛೇರಿಗೆ ಇದರ ಅಗತ್ಯ ಬೀಳಲಿಲ್ಲ. ಪಕ್ಕವಾದ್ಯದವರು ಗಾಯಕರ ಮನೋಧರ್ಮವನ್ನು ಕೇಳುತ್ತಲೇ ಅನುಸರಿಸುತ್ತಾರೆ. ಕನ್ನಡದ ಸ್ವರಲಿಪಿ ಪುಸ್ತಕಗಳಲ್ಲಿ ಸಾಹಿತ್ಯದ ಮೇಲೆ ಒಂದೇ ಧಾತು, ಅಂದರೆ ಒಂದೇ ಸ್ವರಸಾಲು, ಇರುತ್ತದೆ. ಹಾಳೆ ನೋಡಿ ನುಡಿಸುವ ವೃಂದಗಳ ಕಥೆ ಬೇರೆ. ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದದ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಜರ್ಮನ್ ಸಂಗೀತಗಾರ ಒಟ್ಟೊ ಷ್ಮಿಟ್ ಅದನ್ನು ನಡೆಸುತ್ತಿದ್ದರು. ನಾಲ್ವಡಿಯವರ ಉತ್ತರಾಧಿಕಾರಿ ಜಯಚಾಮರಾಜ ಒಡೆಯರ ನೆರವಿನಿಂದ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ 1947ರಲ್ಲಿ ಲಂಡನ್ನಿನಲ್ಲಿ ತಮ್ಮ ಮೂರು ಪಿಯಾನೊ ಕನ್ಚರ್ಟೊಗಳನ್ನು ಧ್ವನಿಮುದ್ರಿಸಿದರು. ಮೂರನೆಯದು ಜಯಚಾಮರಾಜರಿಗೇ ಅರ್ಪಿತ. ಇಂಥ ಕೃತಿಗಳಲ್ಲಿ ಪಿಯಾನೊ ಒಂಟಿಯಾಗಿ ಸಾಗುವಾಗ ಉಳಿದವರ ಹಾಳೆಗಳಲ್ಲಿ ಅದರ ಎಳೆಯನ್ನು ಕ್ಯೂ ಆಗಿ ಕೊಡುವುದು ರೂಢಿ.

ಉದಾಹರಣೆಗೆ, ಮಾನ್ವಿಯ ಹರಿದಾಸರಾದ ಜಗನ್ನಾಥದಾಸರ (1728–1809) ಕೀರ್ತನೆಯೊಂದನ್ನು ಗಾಯನ, ಕೊಳಲು, ಪಿಟೀಲು, ಕ್ಲ್ಯಾರಿನೆಟ್‌ಗಳಿಗೆ ಅಳವಡಿಸುವುದಾದರೆ ಕೆಲಸ ಹೀಗೆ ಸಾಗುತ್ತದೆ. ಆದಿತಾಳದ ನಾಲ್ಕು ಆವರ್ತ ಕ್ಲ್ಯಾರಿನೆಟ್‌ಗೆ ವಿರಾಮವಿದ್ದರೆ ಅದರ ವಾದಕರು 32 ಅಕ್ಷರ ಎಣಿಸಬೇಕು. ಕಡೆಯ ಆವರ್ತದಲ್ಲಿ ಕೊಳಲಿನ ಸ್ವರಗಳನ್ನು ಸಣ್ಣದಾಗಿ ಬರೆದು, ಮೇಲೆ ‘ಕೊಳಲು’ ಎಂದು ಹೆಸರಿಸಿ, ವಿರಾಮದ ಚಿಹ್ನೆಯನ್ನೂ ಉಳಿಸಿದರೆ ಗೊಂದಲ ತಪ್ಪುತ್ತದೆ. ಕ್ಯೂ ಯಾವಾಗಲೂ ಓದುವವರ ಶ್ರುತಿಗೆ ಹೊಂದಬೇಕು: ಕೊಳಲಿನ ‘ಸಿ’ ಸ್ವರ ಬಿ-ಫ್ಲ್ಯಾಟ್ ಕ್ಲ್ಯಾರಿನೆಟ್ಟಿನ ಹಾಳೆಯಲ್ಲಿ ‘ಡಿ’ ಆಗಿ ಕಾಣಬೇಕು.

ಹಿಂದೆ ಇದನ್ನೆಲ್ಲ ನಕಲುಗಾರರು ಕೈಯಿಂದ ಬರೆಯುತ್ತಿದ್ದರು. 1993ರಲ್ಲಿ ಬಂದ ಸಿಬೆಲಿಯಸ್ ತಂತ್ರಾಂಶದಲ್ಲಿ ಆಯ್ದ ಭಾಗವನ್ನು ನಕಲಿಸಿ ‘ಪೇಸ್ಟ್ ಆ್ಯಸ್ ಕ್ಯೂ’ ಆಜ್ಞೆ ಕೊಟ್ಟರೆ ಸಾಕು. ಸ್ವರಗಳು ಚಿಕ್ಕದಾಗಿ, ಶ್ರುತಿ ಹೊಂದಿಸಿಕೊಂಡು, ವಾದಕರ ಹಾಳೆಯಲ್ಲಿ ಮಾತ್ರ ಕಾಣುತ್ತವೆ. ಎಲ್ಲ ವಾದ್ಯಗಳ ಸಾಲುಗಳಿರುವ ಪೂರ್ಣ ಸ್ಕೋರಿನಲ್ಲಿ ಮರೆಯಾಗಿರುತ್ತವೆ. ಆದರೆ ಮೂಲ ತಿದ್ದಿದರೆ ಈ ನಕಲು ತಾನಾಗಿ ತಿದ್ದಿಕೊಳ್ಳದು. 2016ರಲ್ಲಿ ಬಂದ ಡೊರಿಕೊ ತಂತ್ರಾಂಶದ ಈಗಿನ ಆವೃತ್ತಿಗಳಲ್ಲಿ ಕ್ಯೂ ಮೂಲಕ್ಕೇ ಜೋಡಿಸಿಕೊಂಡಿರುವುದರಿಂದ, ಕೊಳಲಿನ ಸಾಲು ಬದಲಾದ ಕೂಡಲೇ ಕ್ಯೂ ಸಹ ಬದಲಾಗುತ್ತದೆ. ಉಚಿತವಾಗಿ ದೊರೆಯುವ ಮ್ಯೂಸ್‌ಸ್ಕೋರಿನಲ್ಲಿ ಸ್ವರಗಳನ್ನು ನಕಲಿಸಿ, ಗಾತ್ರ ಕುಗ್ಗಿಸಿ, ಅವು ಧ್ವನಿಸದಂತೆ ಮಾಡಿ ಬಳಸಬಹುದು.

ಯಾವ ವಾದ್ಯವನ್ನು ಕ್ಯೂ ಆಗಿ ಆರಿಸಬೇಕೆಂಬುದು ಮಾತ್ರ ಸಂಯೋಜಕರ ವಿವೇಚನೆ. ವಾದಕರು ಕುಳಿತ ಜಾಗಕ್ಕೆ ಸ್ಪಷ್ಟವಾಗಿ ಕೇಳಿಸುವ ಸಾಲೇ ಒಳ್ಳೆಯ ಕ್ಯೂ. ಸ್ಕೋರಿನಲ್ಲಿ ಪಕ್ಕದಲ್ಲಿದ್ದರೂ ವೇದಿಕೆಯಲ್ಲಿ ದೂರವಿರುವ ಮೆಲುದನಿಯ ವಾದ್ಯದಿಂದ ಪ್ರಯೋಜನವಿಲ್ಲ. ಕ್ಯೂ ಒಂದು ಸಂಗತಿಯ ಆರಂಭದಲ್ಲಿ ಶುರುವಾಗಿ, ವಾದಕರ ಪ್ರವೇಶದ ತನಕ ಸಾಗಬೇಕು. ಮುದ್ರಣಕ್ಕೆ ಮುನ್ನ ಪ್ರತಿ ವಾದ್ಯದ ಹಾಳೆಯನ್ನೂ ಬೇರೆಬೇರೆಯಾಗಿ ತೆರೆದು, ಸ್ಕೋರಿನೊಡನೆ ತಾಳೆ ನೋಡುವುದು ಅವಶ್ಯ.